ಜಂಬಯ್ಯನ ಹೆಸರಿನ ಉಗುಳು

ಎರಡು ದಿನದಿಂದ ಗಂಗಾಂಬಿಕಾಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಹೊಸಪೇಟೆಯಿಂದ ಕಂಪ್ಲಿಯವರೆಗೆ ಸ್ಕೂಟಿಯಲ್ಲಿ ಅಲೆದು, ವಂಶವಾಹಿ ಅಧ್ಯಯನಕ್ಕೆಂದು ಮನೆಗೊಬ್ಬರ ಉಗುಳು ಕೂಡಿಸಿ ಕಳಿಸುವ ಗಟ್ಟಿಗಿತ್ತಿ ಆಕೆ. ನಾಯಿ ಅಟ್ಟಿಸಿಕೊಂಡು ಬಂದರೂ, ಮುದುಕಿಯರು ಮುಖ ಸಿಂಡರಿಸಿದರೂ ಜಗ್ಗಿದವಳಲ್ಲ. ಅವಳ ಜೀವ ಹಿಂಡಿದ್ದು ಬೆಂಗಳೂರಿನ ಕೇಂದ್ರದಿಂದ ಬಂದ ಒಂದು ಫೋನು.

ಮಾಡಿದವನು ಅಲ್ಲಿ ಮಾದರಿಗಳ ಮಾಹಿತಿ ತಾಳೆ ನೋಡುವ ತಿಪ್ಪೇಶ್. ಸಾವಿರಾರು ಜನರ ವಂಶವಾಹಿಯನ್ನು ನಂಬುವ ಮೊದಲು ಕಂಪ್ಯೂಟರು ಒಂದೊಂದು ಟ್ಯೂಬನ್ನೂ ಜರಡಿ ಹಿಡಿಯುತ್ತದೆ: ಎರಡರಲ್ಲಿ ಒಬ್ಬರದೇ ಇದೆಯೆ, ಒಂದರಲ್ಲಿ ಇಬ್ಬರದು ಬೆರೆತಿದೆಯೆ, ಗಂಡಸೆಂದು ಬರೆದದ್ದು ಗಂಡಸಿನದೇ ಹೌದೆ. ಕಮಲಾಪುರದ ಜಂಬಯ್ಯನ ಟ್ಯೂಬಿನಲ್ಲಿ ಇದ್ದದ್ದು ಹೆಂಗಸಿನ ಉಗುಳು.

“ಟ್ಯೂಬಿನ ಮೇಲೆ ಒಂದು ಹೆಸರಿನ ಸ್ಟಿಕರ್ ತಪ್ಪಿದ್ರೆ ಮುಂದಿನವೂ ಸಾಲಾಗಿ ತಪ್ಪಿರಬಹುದು, ಮೇಡಂ. ಪಟ್ಟಿಯಲ್ಲಿ ಅಕ್ಕಪಕ್ಕದವರೆಲ್ಲ ಹೆಂಗಸರು, ಹಂಗಾಗಿ ಅದಲುಬದಲಾಗಿದ್ರೂ ನಮಗೆ ಗೊತ್ತಾಗಲ್ಲ. ಕಾರಣ ಸಿಗದಿದ್ರೆ ಆ ದಿನದ್ದೆಲ್ಲ ಕೈಬಿಡ್ತೀವಿ.”

ಅದರ ಜೊತೆ ತನ್ನನ್ನೂ ಕೈಬಿಡುತ್ತಾರೆ ಎಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗುತ್ತಿಗೆ ಕೆಲಸಕ್ಕೆ ಯಾವ ಬೇರು? ಕಮಲಾಪುರದ ದಾರಿಯುದ್ದಕ್ಕೂ ಗಂಗಾಂಬಿಕಾ ಆ ದಿನದ ಸ್ಟಿಕರುಗಳನ್ನು ಮನಸ್ಸಿನಲ್ಲೇ ಅಂಟಿಸುತ್ತ, ಕೀಳುತ್ತ ಹೋದಳು.

ಜಂಬಯ್ಯ ಪಡಸಾಲೆಯ ಮಂಚದ ಮೇಲಿದ್ದ. ಹೆಂಡತಿ ರೇಣುಕಮ್ಮ ನೀರು ಕೊಟ್ಟಳು.

“ಅಕ್ಕಾ, ಅಣ್ಣಾರ ಬಾಯಿ ಖಾಲಿ ಆಗ್ಲಿ ಅಂತ ಟ್ಯೂಬು ಇಲ್ಲೇ ಬಿಟ್ಟು ಪಕ್ಕದ ಮನಿಗೆ ಹೋಗಿದ್ನಲ್ಲ. ತುಂಬಿದ್ದು ಯಾರು?”

“ನಾನವ್ವ. ಇವರ ಬಾಯಾಗ ಗುಟ್ಕಾ ಖಾಲಿ ಆಗೋದು ಯಾವಾಗ?”

ಗಂಗಾಂಬಿಕಾ ನಕ್ಕೇಬಿಟ್ಟಳು. ಹೋದ ಜೀವ ಮರಳಿ ಬಂದಿತ್ತು. ಚೀಲದಿಂದ ಹೊಸ ಟ್ಯೂಬು ತೆಗೆದಳು.

“ಬಾಯಿ ತೊಳ್ಕಂಡು ಬರ್ರಿ ಅಣ್ಣಾ.”

ರೇಣುಕಮ್ಮ ಟ್ಯೂಬಿನ ಮೇಲೆ ಕೈ ಇಟ್ಟಳು. “ಬ್ಯಾಡವ್ವ. ಅವರ್ದು ಹೋದ್ರ ಏನಾರ ರೋಗ ಹೊರಗ ಬೀಳ್ತೈತಿ. ಎಲ್ಲಾ ಚೊಲೋ ಐತಿ ಅಂತ ಬರ್ಲಿ ಅಂತ್ಹೇಳಿ ನಂದು ಕೊಟ್ಟೆ.”

ಗಂಗಾಂಬಿಕಾ ಟ್ಯೂಬು ಬಿಟ್ಟು ಜಂಬಯ್ಯನ ಮುಂದೆ ಕುಳಿತಳು. “ಅಣ್ಣಾ, ಬಾಯಿ ತೆಗೀರಿ.”

ತೆಗೆದ. ಹಲ್ಲುಗಳ ನಡುವೆ ಒಂದು ಬೆರಳು ತೂರುವಷ್ಟೇ ಜಾಗ. ಗುಟ್ಕಾ ತಿನ್ನುವವರ ಬಾಯಿ ಹೀಗೆ ಬಿಗಿದರೆ ಅದು ಕ್ಯಾನ್ಸರಿನ ಮುನ್ಸೂಚನೆಯಿರಬಹುದು ಎಂದು ಅವಳಿಗೆ ಗೊತ್ತಿತ್ತು.

“ಇನ್ನೂ ತೆಗೀರಿ.”

“ಇಷ್ಟೇ ತೆಗಿಯಾಕ ಬರೋದು,” ಎಂದ ಜಂಬಯ್ಯ. “ರೊಟ್ಟಿ ಬಾಯಾಗ ಹೋಗೋದಿಲ್ಲ. ಖಾರ ಬಿಟ್ಟು ಭಾಳ ದಿನ ಆತು.”

ಅಷ್ಟರಲ್ಲಿ ತಿಪ್ಪೇಶನ ಫೋನು ಬಂತು.

“ಸ್ಟಿಕರ್ ಸರಿ ಅದಾವ್ರಿ ಸರ್. ಅದು ಹೆಂಡ್ತಿ ಉಗುಳು. ತಪ್ಪು ನಂದಲ್ಲ.” ಎರಡು ದಿನದಿಂದ ಹೇಳಲು ಹಾತೊರೆದ ಮಾತು, ಹೇಳಿದ ಮೇಲೆ ನಾಚಿಕೆಯಾಯಿತು.

“ಹಂಗಾದ್ರೆ ಅದೊಂದನ್ನೇ ತೆಗೆದುಹಾಕ್ತೀನಿ ಮೇಡಂ. ಉಳಿದದ್ದಕ್ಕೆ ತೊಂದರೆ ಇಲ್ಲ.”

ಫೋನಿಟ್ಟು ಅವಳು ಹೊರಗೆ ಬಂದು ಸ್ಕೂಟಿಯ ಸೀಟಿನ ಧೂಳು ಒರೆಸಿದಳು. “ಕುಂದ್ರಿ ಅಣ್ಣಾ. ಹೊಸಪ್ಯಾಟಿ ದವಾಖಾನಿಗೆ ಹೋಗಿ ಬರೋಣ.”

ಜಂಬಯ್ಯ ಹತ್ತಿ ಕುಳಿತ. ರೇಣುಕಮ್ಮ ಗಾಡಿಯ ಹ್ಯಾಂಡಲ್ ಹಿಡಿದವಳು ಬಿಡಲಿಲ್ಲ.

“ಏನೂ ಇಲ್ಲ ಅಂತ ಬರ್ತೈತಿ, ಹೌದಿಲ್ಲವ್ವ?”

ಗಂಗಾಂಬಿಕಾ ಆ ಕೈಯನ್ನು ಮೆಲ್ಲಗೆ ಬಿಡಿಸಿ ಗಾಡಿ ಚಾಲೂ ಮಾಡಿದಳು.