ಹುಳುಮನೆಯ ಬೀಗ

ಗಂಡ ತೀರಿಕೊಂಡ ಮೇಲೂ ನಾನು ತೂಬಗೆರೆ ಹತ್ತಿರದ ಅತ್ತೆ-ಮಾವನ ಮನೆಯಲ್ಲೇ ಉಳಿದೆ. ಮಗಳಿನ್ನೂ ಶಾಲೆಗೆ ಸೇರಿರಲಿಲ್ಲ. ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆಹುಳು ಸಾಕುವುದು ನನ್ನ ಕೆಲಸ. ಮಾವ ಬದುಕಿರುವವರೆಗೆ ಯಾರೂ ಏನೂ ಅನ್ನಲಿಲ್ಲ. ಅವರ ತಿಥಿ ಮುಗಿದ ಮಾರನೆಯ ದಿನ ಭಾವ, ಅಂದರೆ ನನ್ನ ಗಂಡನ ಅಣ್ಣ, ಹಕ್ಕು ಬಿಡುಗಡೆ ಪತ್ರ ತಂದು ನನ್ನ ಮುಂದಿಟ್ಟರು.

"ಸೈನ್ ಹಾಕ್ಬಿಡಮ್ಮ. ತಮ್ಮನೇ ಹೋದ್ಮೇಲೆ ನಿಂಗೆಲ್ಲಿ ಪಾಲು? ಊಟಕ್ಕೇನೂ ಕಮ್ಮಿ ಮಾಡಲ್ಲ."

"ನಂಗೆ ಊಟ ಹಾಕೋಕೆ ನೀವ್ಯಾರು ಭಾವ? ದುಡಿದು ಉಣ್ತಾ ಇದೀನಿ," ಎಂದೆ. ಪೆನ್ನು ಮುಟ್ಟಲಿಲ್ಲ.

ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ನನ್ನ ಮತ್ತು ಮಗಳ ಹೆಸರಲ್ಲಿ ಪಾಲಿಗೆ ದಾವೆ ಹಾಕಿದೆ. ನೋಟೀಸು ತಲುಪಿದ ವಾರವೇ, ಬೆಳಿಗ್ಗೆ ಸೊಪ್ಪು ಹೊತ್ತು ತಂದರೆ ಹುಳುಮನೆಗೆ ಬೀಗ. ಒಳಗೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಬಕಾಸುರನ ಹಾಗೆ ತಿನ್ನುವ ಹೊತ್ತು. ಈಗ ಸೊಪ್ಪು ತಪ್ಪಿದರೆ ಇಡೀ ಬೆಳೆ ಹೋದಂತೆಯೇ. ಭಾವನ ಮನೆಗೆ ಹೋಗಿ ಬೀಗದ ಕೈ ಕೇಳಿದೆ. ಭಾವ ಹಲ್ಲುಜ್ಜುತ್ತಲೇ, "ಕೇಸ್ ಹಾಕಿದ್ಯಲ್ಲ, ಕೋರ್ಟ್‌ನಲ್ಲೇ ಕೇಳ್ಕೋ," ಎಂದರು.

ಹಾರೆ ತಂದು ಬೀಗ ಒಡೆದೆ.

ಭಾವ ಕರೆಸಿದ ಪೊಲೀಸರು ಬಂದಾಗ ಹುಳುಗಳ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದೆ.

"ಬೀಗ ಯಾಕಮ್ಮ ಒಡೆದೆ?"

"ಹುಳ ಹಸ್ಕೊಂಡಿದ್ವು ಸಾರ್. ನಾನೇ ಒಡೆದಿದ್ದು, ಬರ್ಕೊಳ್ಳಿ. ನಾಳೆ ಹಾಕಿದ್ರೆ ನಾಳೆನೂ ಒಡೀತೀನಿ."

ಅವರು ಸೊಪ್ಪು ಮುಕ್ಕುತ್ತಿದ್ದ ಹುಳುಗಳನ್ನು ನೋಡಿ, ಭಾವನಿಗೇ ಬುದ್ಧಿ ಹೇಳಿ ಹೋದರು. ನನ್ನ ವಕೀಲರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಮತ್ತೆ ಬೀಗ ಬೀಳಲಿಲ್ಲ.

ಕೇಸು ವರ್ಷಗಟ್ಟಲೆ ಎಳೆಯಿತು. ಮಾವ ಸಾಯುವ ಮುಂಚೆ ಜಮೀನೆಲ್ಲ ದೊಡ್ಡ ಮಗನಿಗೇ ಎಂದು ಬಾಯಿಮಾತಲ್ಲಿ ಹೇಳಿದ್ದರೆಂಬುದು ಭಾವನ ವಾದ. ಅದಕ್ಕೆ ಸಾಕ್ಷಿಯಾಗಿ ಅತ್ತೆಯನ್ನೇ ಕರೆತಂದರು. ಮಾವ ಹೋದ ಮೇಲೆ ಅತ್ತೆ ಇದ್ದದ್ದು ಭಾವನ ಜೊತೆ. ನಾನು ಆಸೆ ಬಿಟ್ಟು ಕೂತಿದ್ದೆ. ಅತ್ತೆ ಕಟಕಟೆ ಹಿಡಿದು ನಿಂತು ಜಡ್ಜ್ ಕಡೆ ನೋಡಿದರು.

"ಅವ್ರು ಅಂಗೇನೂ ಹೇಳ್ಲಿಲ್ಲ ಸ್ವಾಮಿ. ಈ ಸೊಸೆ ಕೈಯ ಗಂಜಿ ಕುಡ್ಕೊಂಡೇ ಕಣ್ಮುಚ್ಚಿದ್ರು. ಇವಳ್ನ ಆಚೆ ಹಾಕೋದಾದ್ರೆ ನನ್ನೂ ಹಾಕ್ಬಿಡಿ."

ಆವತ್ತು ಸಂಜೆ ಅತ್ತೆ ಮಗನ ಕಾರು ಹತ್ತಲಿಲ್ಲ. ನನ್ನ ಜೊತೆ ಬಸ್ಸಿಗೆ ಬಂದರು. ಇಳಿಯುವಾಗ, "ರಾತ್ರಿಗೆ ಮುದ್ದೆ ಮಾಡೇ," ಎಂದರು. ಅಂದಿನಿಂದ ನನ್ನ ಜೊತೆಯಲ್ಲೇ ಇದ್ದಾರೆ.

ಕೊನೆಗೆ ತೀರ್ಪಾಗಿ, ಗಂಡನಿಗೆ ಸೇರಬೇಕಿದ್ದ ಪಾಲು ನನಗೂ ಮಗಳಿಗೂ ಬಂತು. ಭಾವ ಮಾತು ಬಿಟ್ಟರು. ಮನೆತನದ ಮಾನವನ್ನು ಕೋರ್ಟಿಗೆ ಎಳೆದವಳು ಎಂದು ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಮದುವೆಗಳಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನಾನು ಹೂ ಮುಡಿದು, ಅತ್ತೆಯ ಕೈ ಹಿಡಿದು ಹೋಗುತ್ತೇನೆ. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತೇನೆ.