ದೌಲತರಾಯ ಮಾಸ್ತರರ ಕಂಪ್ಯೂಟರ್ ಕಾವಲು
ಆಳಂದದ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಕಂಪ್ಯೂಟರ್ ರಕ್ಷಣೆಯ ಸರ್ಟಿಫಿಕೇಟ್ ಪರೀಕ್ಷೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ದೌಲತರಾಯ ಮಾಸ್ತರರು ಮೊದಲು ಚಪ್ಪಲಿ ಬಿಡಿಸುತ್ತಿದ್ದರು, ಆಮೇಲೆ ಕೈ ತೊಳೆಸುತ್ತಿದ್ದರು. ಇಷ್ಟಾದರೂ ಕೇಂದ್ರಕ್ಕಿದ್ದ ಒಂದೇ ಒಂದು ಕಂಪ್ಯೂಟರಿನ ಕಸೂತಿ ಹೊದಿಕೆಯನ್ನು ಮಾತ್ರ ಸರಿಸುತ್ತಿರಲಿಲ್ಲ. “ದೂರ ನಿಂದರ್ರಿ, ಕೈ ಹಿಂದ ಕಟ್ರಿ. ವೈರಸ್ ಹೊಕ್ಕಿತಂದ್ರ ಯಾರ ಜಿಮ್ಮೇದಾರ್ರಿ?” ಎನ್ನುತ್ತಿದ್ದರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂಬ ಪಾಠವನ್ನು ಮಗ್ಗಿಯಂತೆ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ಉದಾಹರಣೆಗೆಂದು ಕೇಂದ್ರದ ಪಾಸ್‌ವರ್ಡನ್ನೇ ಬೋರ್ಡಿನ ಮೇಲೆ ಬರೆದು ಅದನ್ನೂ ಹೇಳಿಸುತ್ತಿದ್ದರು. ನಲವತ್ತು ದಾಟಿದ ನಾವು ವೈರಸ್ಸಿನ ಬಗೆಗಳನ್ನೆಲ್ಲ ಶ್ರದ್ಧೆಯಿಂದ ಬಾಯಿಪಾಠ ಮಾಡಿದೆವು. ನಿಂಬರ್ಗಾದಿಂದ ಬಸ್ಸಿಗೆ ಬರುತ್ತಿದ್ದ ಹೀರಾಬಾಯಿಯೊಬ್ಬರೇ ಒಮ್ಮೆ, “ಒಂದು ಸಲ ಮುಟ್ಲೇನ್ರಿ ಮಾಸ್ತರ್ರ?” ಎಂದರು. “ಮೊದಲ ಪಾಸಾಗ್ರಿ ಅಕ್ಕಾರ, ಆಮ್ಯಾಲ ಮುಟ್ಟೂದು ಇದ್ದೇ ಅದ,” ಎಂದರು ಮಾಸ್ತರರು. ನಾವೆಲ್ಲ ಹೌದೆಂದು ತಲೆಯಾಡಿಸಿದ್ದು ಈಗಲೂ ಚುಚ್ಚುತ್ತದೆ. ತೊಂಬತ್ತೆಂಟರಲ್ಲಿ ಗುಲಬರ್ಗಾದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯೇ ಇರಲಿಲ್ಲ; ಒಬ್ಬೊಬ್ಬರ ಎದುರಿಗೂ ಒಂದು ಕಂಪ್ಯೂಟರ್, ಅದರಲ್ಲಿನ ವೈರಸ್ಸನ್ನು ಹುಡುಕಿ ತೆಗೆಯಬೇಕು. ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ದಿಕ್ಕು ತೋಚದೆ ಪಕ್ಕಕ್ಕೆ ನೋಡಿದೆ. ನಮ್ಮ ಹಾಗೆಯೇ ಮೊದಲ ಸಲ ಆ ಪರೀಕ್ಷೆಗೆ ಕೂತಿದ್ದ ದೌಲತರಾಯ ಮಾಸ್ತರರು ಕಂಪ್ಯೂಟರನ್ನೇ ನೋಡುತ್ತಿದ್ದರು. ಅವರ ಕೈಗಳೂ ಬೆನ್ನ ಹಿಂದೆಯೇ ಇದ್ದವು.