ಬೀಜಗಣಿತಕ್ಕೆ ಬಿದ್ದ ಬೀಗ

ಮೂಡಲಗಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ, ಕಬ್ಬು ತೂಗುವ ಕಾಟಾದ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಅಲ್ಲಿಯ ಕಂಪ್ಯೂಟರಿನಲ್ಲಿ ವಿಡಿಯೊ ತೆರೆದರೆ ಸಾಕು, ಕೆಂಪು ಅಕ್ಷರದಲ್ಲಿ ‘ಅನುಮತಿ ಇಲ್ಲ’ ಎಂದು ಬರುತ್ತಿತ್ತು. ಬೇಡ ಎಂದದ್ದನ್ನೇ ಮಾಡುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು.

ನಮಗೆ ಚಹಾ ತರುತ್ತಿದ್ದ ಅಕ್ಕ ತುಕ್ಕಾನಟ್ಟಿ ಊರಿನವರು, ದಿನಗೂಲಿಯ ಮೇಲಿದ್ದರು. ಹತ್ತನೇ ತರಗತಿ ಪಾಸಾದರೆ ಕಾಯಂ ಮಾಡುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಉಳಿದ ವಿಷಯಗಳೆಲ್ಲ ಮುಗಿದು ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ವಿಡಿಯೊ ಪಾಠ ಬರುತ್ತಿರಲಿಲ್ಲ.

“ಊಟದ ಹೊತ್ತಿನ್ಯಾಗ ನಿಮ್ಮ ಕಂಪ್ಯೂಟರದಾಗ ಪಾಠ ತೋರಸ್ರಿ. ಈ ಸಲಾನೂ ನಪಾಸಾದ್ರ ಮತ್ತ ಕಬ್ಬ ಕಡ್ಯಾಕ ಹೋಗಬೇಕಾಗತೈತಿ” ಎಂದರು.

ತಡೆ ದಾಟಿಸುವ ಆ್ಯಪೊಂದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಒಂಬತ್ತು ದಿನ ಬೀಜಗಣಿತ ಸಲೀಸಾಗಿ ನಡೆಯಿತು. ನಾನು ಮೀಸೆ ತಿರುವುತ್ತ ಓಡಾಡಿದೆ. ಹತ್ತನೆಯ ದಿನ ಮುಖ್ಯ ಕಚೇರಿಯವರು ಅದನ್ನು ಪತ್ತೆ ಹಚ್ಚಿ ನಮ್ಮ ಕಾಟಾದ ನೆಟ್ಟನ್ನೇ ಬಂದ್ ಮಾಡಿದರು. ತೂಕದ ಚೀಟಿ ನಿಂತಿತು. ಕಬ್ಬಿನ ಟ್ರ್ಯಾಕ್ಟರುಗಳು ಗೇಟು ದಾಟಿ ರಸ್ತೆಯವರೆಗೆ ಸಾಲುಗಟ್ಟಿದವು. ರೈತರು ಬೈದರು, ಬೈಯಬೇಕಾದದ್ದೇ.

“ಯಾರದಿದು ಕೆಲಸಾ?” ಎಂದು ಮ್ಯಾನೇಜರ್ ಗುಡುಗಿದರು. ನಾನು ತೂಕದ ಚೀಟಿ ಎಣಿಸುವವನಂತೆ ತಲೆ ಬಗ್ಗಿಸಿದೆ. ಅಕ್ಕ ಚಹಾದ ಕಿಟ್ಲಿ ಕೆಳಗಿಟ್ಟು, “ನಂದರಿ” ಎಂದುಬಿಟ್ಟರು.

ನಾಚಿಕೆಯಿಂದ ಭೂಮಿಗಿಳಿದುಹೋದೆ. “ಇಲ್ರಿ ಸರ, ಮಾಡಿದಾಂವ ನಾನು. ಅವರದು ಗಣಿತದ ಪಾಠಾ ಅಷ್ಟ” ಎಂದೆ.

ಮ್ಯಾನೇಜರ್ ಮುಖ್ಯ ಕಚೇರಿಗೆ ಫೋನು ಹಚ್ಚಿ ಕೈಕಾಲು ಹಿಡಿದು ಕಾಟಾ ಚಾಲೂ ಮಾಡಿಸಿದರು. ಆಮೇಲೆ ನನ್ನತ್ತ ತಿರುಗಿ, “ಶಾಣ್ಯಾ, ಒಂದು ಅರ್ಜಿ ಕೊಟ್ಟಿದ್ರ ಪಾಠದ ಪೇಜ್ ಅಷ್ಟ ತಗಸಿ ಕೊಡ್ತಿದ್ನೆಲ್ಲೋ!” ಎಂದರು. ಕೇಳಿಯೂ ಪಡೆಯಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಬೇಕು.

ನಾನು ಅರ್ಜಿ ಬರೆಯಲು ಕುಳಿತರೆ ಅಕ್ಕ ಪೆನ್ನು ಕಸಿದುಕೊಂಡರು. “ಕನ್ನಡದಾಗ ಪಾಸಾಗೇನಿ, ನಾನ ಬರೀತೇನಿ.” ‘ಇಂದ’, ‘ಇವರಿಗೆ’, ‘ವಿಷಯ’, ಎಲ್ಲ ಸಾಲಾಗಿ ಬಂದವು. ಮ್ಯಾನೇಜರ್ ಓದಿ, “ಸ್ಥಳಾ ಬರದಿಲ್ಲ, ಅರ್ಧಾ ಮಾರ್ಕ್ ಹೋತು” ಎನ್ನುತ್ತ ಸಹಿ ಹಾಕಿದರು.

ಪಾಠದ ಪೇಜು ತೆರೆದುಕೊಂಡಿತು; ಊಟದ ಹೊತ್ತಿನ ಬೀಜಗಣಿತ ಮತ್ತೆ ನಡೆದು, ಗೋಕಾಕದಲ್ಲಿ ಪರೀಕ್ಷೆಯೂ ಮುಗಿಯಿತು. ಫಲಿತಾಂಶದ ದಿನ ಅದೇ ಕಂಪ್ಯೂಟರಿನ ಮುಂದೆ ಅಕ್ಕನನ್ನು ಕೂರಿಸಿದೆ. ಪಾಸಾಗಲು ಮೂವತ್ತೈದು ಬೇಕು. ಅಕ್ಕ ತೆರೆಯ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದರು.

“ಮೂವತ್ತಾರು! ಒಂದು ಮಾರ್ಕ್ ಹೆಚ್ಚಿಗೇ ಬಂದೈತ್ರಿ” ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು.